ಎದೆಯಲ್ಲಿ ಕಾಡು, ನೆತ್ತಿಯಲ್ಲಿ ಬಯಲು

ನಮ್ಮ ಬೀದಿಯ ಸೆಲೂನಿನಲ್ಲಿ ಕೂದಲು ಉದುರುವುದಕ್ಕೆ ಇರುವುದು ಮೂರೇ ಕಾರಣ: ಬೋರ್ ನೀರು, ಹೆಲ್ಮೆಟ್ಟು, ಟೆನ್ಷನ್ನು. ಕನ್ನಡಿಯ ಮುಂದೆ ಕೂತವನ ನೆತ್ತಿಯನ್ನೊಮ್ಮೆ ನೋಡಿ ಇವುಗಳಲ್ಲಿ ಒಂದನ್ನು ಆರಿಸಿ ಹೇಳುತ್ತಾರೆ. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಅದೇ ಮನುಷ್ಯನ ಗಡ್ಡಕ್ಕೆ ನೊರೆ ಹಚ್ಚುತ್ತಾರೆ. ಎರಡು ದಿನ ಬಿಟ್ಟರೆ ಮುಳ್ಳಿನಂತೆ ನಿಲ್ಲುವ ಗಡ್ಡ. ಅಂಗಿಯ ಕೊರಳಿನಿಂದ ಇಣುಕುವ ಎದೆಗೂದಲು. ತಲೆಗೆ ಹೊಯ್ದ ಬೋರ್ ನೀರು ಗಲ್ಲ, ಎದೆಯ ಮೇಲೂ ಇಳಿಯುತ್ತದಲ್ಲ, ಅಲ್ಲೇಕೆ ಏನೂ ಉದುರುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ಮನೆಗೆ ಬಂದರೆ ನಾಲ್ಕನೆಯ ಕಾರಣ ಕಾದಿರುತ್ತದೆ: ‘ನಿನ್ನ ಸೋದರಮಾವನ ತಲೆ ನೋಡು.’

ಒಂದೇ ಮೈಯಲ್ಲಿ ಎದೆ ಕಾಡಾಗಿ ನೆತ್ತಿ ಬಯಲಾಗುವುದು ಹೇಗೆ? ಇದನ್ನು ಮೊದಲು ಗಮನವಿಟ್ಟು ನೋಡಿದವರು ಗ್ರೀಕರು. ಹಿಪ್ಪಾಕ್ರಟೀಸನ ಹೆಸರಿನಲ್ಲಿ ಉಳಿದಿರುವ ವೈದ್ಯಸೂತ್ರಗಳಲ್ಲಿ, ಬೀಜ ತೆಗೆಸಿದ ಗಂಡಸರ ತಲೆ ಬೋಳಾಗುವುದಿಲ್ಲ ಎಂಬ ಮಾತಿದೆ. ಅರಿಸ್ಟಾಟಲ್ ಇನ್ನೂ ಸೂಕ್ಷ್ಮವಾಗಿ ನೋಡಿದ. ಅವನ ಲೆಕ್ಕದಲ್ಲಿ ಮನುಷ್ಯನ ಕೂದಲು ಎರಡು ಬಗೆ. ತಲೆ, ಹುಬ್ಬು, ರೆಪ್ಪೆಯದ್ದು ಹುಟ್ಟುತ್ತಲೇ ಬಂದದ್ದು. ಗಡ್ಡ, ಎದೆ, ಕಂಕುಳಿನದ್ದು ಪ್ರಾಯಕ್ಕೆ ಬಂದಾಗ ಬಂದದ್ದು. ಹುಡುಗನಾಗಿದ್ದಾಗಲೇ ಬೀಜ ತೆಗೆದರೆ ಎರಡನೆಯ ಬಗೆ ಬರುವುದೇ ಇಲ್ಲ. ದೊಡ್ಡವನಾದ ಮೇಲೆ ತೆಗೆದರೆ ಆ ಕೂದಲು ಬಹಳಷ್ಟು ಹೋಗುತ್ತದೆ, ಆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಹಾರ್ಮೋನ್ ಎಂಬ ಪದ ಹುಟ್ಟಿದ್ದು 1905ರಲ್ಲಿ. ಅದಕ್ಕೂ ಎರಡು ಸಾವಿರ ವರ್ಷಕ್ಕಿಂತ ಹಿಂದೆ ಈ ಮನುಷ್ಯ ಬರಿಗಣ್ಣಿನಲ್ಲಿ ಇಷ್ಟನ್ನು ಕಂಡಿದ್ದ. ಆ ‘ಸ್ವಲ್ಪ ಉಳಿಯುತ್ತದೆ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೀಜದಲ್ಲಿ ಇರುವುದು ಏನು ಎಂದು ತಿಳಿಯಲು 1935 ಬರಬೇಕಾಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅರ್ನ್‌ಸ್ಟ್ ಲಾಕರ್ ಮತ್ತು ಸಂಗಡಿಗರು ಸುಮಾರು 100 ಕಿಲೋ ಗೂಳಿಯ ವೃಷಣಗಳನ್ನು ಅರೆದು, ಸೋಸಿ, ಕೊನೆಗೆ 10 ಮಿಲಿಗ್ರಾಮಿನಷ್ಟು ಹರಳು ತೆಗೆದರು. ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟರು. ಅದೇ ವರ್ಷ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವ ದಾರಿಯೂ ಸಿಕ್ಕಿತು. ಹಾಗಾಗಿ 1942ರ ಹೊತ್ತಿಗೆ ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ ಕೈಯಲ್ಲಿ ಅರಿಸ್ಟಾಟಲನಿಗೆ ಇಲ್ಲದ ಒಂದು ಸಾಧನವಿತ್ತು: ಸಿರಿಂಜು. ವೃಷಣ ಬೆಳೆಯದ, ಇಲ್ಲವೇ ತೆಗೆದುಹಾಕಲಾದ ಗಂಡಸರನ್ನು ಅವರು ಪರೀಕ್ಷಿಸಿದರು. ಪ್ರಾಯಕ್ಕೆ ಮುಂಚೆ ವೃಷಣ ಕಳೆದುಕೊಂಡವರಲ್ಲಿ ಬೊಕ್ಕತಲೆ ಇರಲಿಲ್ಲ. ಅವರಿಗೆ ಟೆಸ್ಟೋಸ್ಟೆರಾನ್ ಚುಚ್ಚಿದಾಗ ಮನೆತನದಲ್ಲಿ ಬೋಳು ಇದ್ದವರ ಕೂದಲು ಉದುರತೊಡಗಿತು. ಮನೆತನದಲ್ಲಿ ಇಲ್ಲದವರಿಗೆ ಏನೂ ಆಗಲಿಲ್ಲ. ಚುಚ್ಚುವುದನ್ನು ನಿಲ್ಲಿಸಿದರೆ ಉದುರುವುದೂ ನಿಂತಿತು. ಹೋದದ್ದು ಮಾತ್ರ ಹಿಂದಿರುಗಲಿಲ್ಲ.

ಅಂದರೆ ಸೋದರಮಾವನೂ ಬೇಕು, ಹಾರ್ಮೋನೂ ಬೇಕು. ಬೀಜ ಒಂದು ಕಡೆಯಿಂದ, ಮಳೆ ಇನ್ನೊಂದು ಕಡೆಯಿಂದ. (ಸೋದರಮಾವನ ಮೇಲಿನ ಗುಮಾನಿಯಲ್ಲಿ ತಕ್ಕಮಟ್ಟಿಗೆ ಸತ್ಯವಿದೆ. ಗಂಡು ಹಾರ್ಮೋನನ್ನು ಹಿಡಿಯುವ ಗ್ರಾಹಕದ ಜೀನು ಎಕ್ಸ್ ವರ್ಣತಂತುವಿನಲ್ಲಿದೆ, ಮಗನಿಗೆ ಅದು ತಾಯಿಯಿಂದಲೇ ಬರಬೇಕು. ಆದರೆ ಬೋಳಿಗೆ ಕಾರಣವಾಗುವ ಜೀನುಗಳು ಇನ್ನೂ ಹಲವಿವೆ, ಅಪ್ಪನ ಕಡೆಯವರೂ ಪೂರ್ತಿ ತಪ್ಪಿಸಿಕೊಳ್ಳುವಂತಿಲ್ಲ.)

ಹ್ಯಾಮಿಲ್ಟನ್ ಅವರಿಗೆ ಅಂಥ ಗಂಡಸರು ಸಿಕ್ಕಿದ್ದು ಹೇಗೆ ಎಂಬುದು ಮುಜುಗರದ ಪ್ರಶ್ನೆ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಬುದ್ಧಿಮಾಂದ್ಯರನ್ನು, ಮನೋರೋಗಿಗಳನ್ನು ಕಾನೂನುಬದ್ಧವಾಗಿಯೇ ಸಂತಾನಹೀನರನ್ನಾಗಿ ಮಾಡುತ್ತಿದ್ದರು. 1969ರಲ್ಲಿ ಹ್ಯಾಮಿಲ್ಟನ್ ಆಯುಷ್ಯದ ಬಗ್ಗೆ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಕ್ಯಾನ್ಸಸ್‌ನ ಸಂಸ್ಥೆಯೊಂದರಲ್ಲೇ ವೃಷಣ ತೆಗೆಯಲಾಗಿದ್ದ 297 ಮಂದಿಯ ಲೆಕ್ಕವಿದೆ. ಕೂದಲಿನಂಥ ಹಗುರ ವಿಷಯದ ಹಿಂದೆಯೂ ಇಷ್ಟು ಭಾರ ಇದೆ.

ಇನ್ನು ಮೂಲ ಪ್ರಶ್ನೆ. ಒಂದೇ ಹಾರ್ಮೋನು ಗಲ್ಲದಲ್ಲಿ ಬೆಳೆಸುತ್ತದೆ, ನೆತ್ತಿಯಲ್ಲಿ ಕೀಳುತ್ತದೆ. ಉತ್ತರ ರಕ್ತದಲ್ಲಿಲ್ಲ, ಕೂದಲ ಬುಡದಲ್ಲಿದೆ. ಹುಡುಗನ ಗಲ್ಲದ ಮೇಲೆ ಇರುವುದು ಕಂಡೂ ಕಾಣದ ನವಿರು ರೋಮ. ಪ್ರಾಯದಲ್ಲಿ ಹಾರ್ಮೋನು ತಾಕಿದಾಗ ಆ ಬುಡ ಆಳಕ್ಕಿಳಿದು, ದಪ್ಪವಾಗಿ, ಕಪ್ಪು ಕೂದಲನ್ನು ಹೊರಡಿಸುತ್ತದೆ. ನೆತ್ತಿಯಲ್ಲಿ ನಡೆಯುವುದು ಇದರ ತಿರುವುಮುರುವು. ತಲೆಯ ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಉದುರಿ, ಮತ್ತೆ ಹುಟ್ಟುತ್ತದೆ. ಬೋಳಾಗುವವರ ನೆತ್ತಿಯಲ್ಲಿ ಹಾರ್ಮೋನು ತಾಕಿದ ಬುಡದ ಬೆಳೆಯುವ ಅವಧಿ ಸುತ್ತಿನಿಂದ ಸುತ್ತಿಗೆ ಮೊಟಕಾಗುತ್ತದೆ, ಬುಡ ಕುಗ್ಗುತ್ತದೆ, ಕೊನೆಗೆ ಅಲ್ಲಿ ಉಳಿಯುವುದು ಮತ್ತೆ ನವಿರು ರೋಮ. ಹಾಗಾಗಿ ಬೋಳು ನೆತ್ತಿಯೂ ಪೂರ್ತಿ ಬೋಳಲ್ಲ, ಬೆಳಕಿಗೆ ಹಿಡಿದು ನೋಡಿದರೆ ಕಾಣುತ್ತದೆ.

ತಲೆಯ ಹಿಂಭಾಗದ ಕೂದಲಿಗೆ ಮಾತ್ರ ಈ ಶಾಪವಿಲ್ಲ. 1959ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ಹಿಂದಲೆಯ ಚೂರುಗಳನ್ನು ಮುಂದಲೆಗೆ ನಾಟಿ ಮಾಡಿದ ಫಲಿತಾಂಶ ಪ್ರಕಟಿಸಿದರು. ಮುಂದೆ ಬಂದರೂ ಅವು ಹಿಂದಿನ ಕೂದಲಿನಂತೆಯೇ ಉಳಿದವು. ನೆಲದ ಗುಣವಲ್ಲ, ಸಸಿಯ ಗುಣ. ಇವತ್ತು ಬೆಂಗಳೂರಿನ ರಸ್ತೆಗಳ ಹೋರ್ಡಿಂಗುಗಳಲ್ಲಿ ಕಾಣುವ ಹೇರ್ ಟ್ರಾನ್ಸ್‌ಪ್ಲಾಂಟ್ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

1968ರಲ್ಲಿ ಟೆಕ್ಸಸ್‌ನ ಡಲಾಸ್‌ನಲ್ಲಿ ನಿಕೊಲಾಸ್ ಬ್ರುಕೋವ್‌ಸ್ಕಿ ಮತ್ತು ಜೀನ್ ವಿಲ್ಸನ್ ಇನ್ನೊಂದು ಗಂಟು ಬಿಚ್ಚಿದರು. ಇಲಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಟೆಸ್ಟೋಸ್ಟೆರಾನು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಮೊದಲು ಡೈಹೈಡ್ರೊಟೆಸ್ಟೋಸ್ಟೆರಾನ್ ಆಗಿ ಮಾರ್ಪಡುತ್ತಿತ್ತು. ಡಾಕ್ಟರರ ಬಾಯಲ್ಲಿ ಅದು ಡಿಎಚ್‌ಟಿ. ಹಾಲು ಮೊಸರಾಗಲು ಹೆಪ್ಪು ಬೇಕಾದಂತೆ ಈ ಮಾರ್ಪಾಟಿಗೆ ಒಂದು ಕಿಣ್ವ ಬೇಕು, 5-ಆಲ್ಫಾ ರಿಡಕ್ಟೇಸ್. ಹಾಲಿಗಿಂತ ಮೊಸರೇ ಬಲ: ಡಿಎಚ್‌ಟಿ ಗ್ರಾಹಕವನ್ನು ಟೆಸ್ಟೋಸ್ಟೆರಾನಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಹಾಗಾದರೆ ಹೆಪ್ಪೇ ಇಲ್ಲದ ಮನೆ ಹೇಗಿದ್ದೀತು?

ಅಂಥ ಮನೆಗಳು ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿದ್ದವು. ಡೊಮಿನಿಕನ್ ಗಣರಾಜ್ಯದ ನೈಋತ್ಯ ಮೂಲೆಯಲ್ಲಿ ಸಲಿನಾಸ್ ಎಂಬ ಹಳ್ಳಿ. ಒಳಗೊಳಗೇ ಸಂಬಂಧ ಬೆಳೆಸಿಕೊಂಡು ಬಂದ ಊರು. ಅಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣಿನಂತೆ ಕಾಣುತ್ತಿದ್ದವು, ಹೆಣ್ಣು ಹೆಸರಿಟ್ಟು ಲಂಗ ಹಾಕಿ ಬೆಳೆಸುತ್ತಿದ್ದರು. ಹನ್ನೆರಡರ ಆಸುಪಾಸಿನಲ್ಲಿ ದನಿ ಒಡೆಯುತ್ತಿತ್ತು, ತೋಳು ಗಟ್ಟಿಯಾಗುತ್ತಿತ್ತು, ವೃಷಣ ಇಳಿಯುತ್ತಿತ್ತು, ಶಿಶ್ನ ಬೆಳೆಯುತ್ತಿತ್ತು. ಊರಿನವರು ಅವರಿಗೆ ಇಟ್ಟ ಹೆಸರು ‘ಗ್ವೆವೆದೋಸೆ’, ಹನ್ನೆರಡಕ್ಕೆ ಮೊಟ್ಟೆ ಎಂದು. ಸ್ಪ್ಯಾನಿಷ್ ಆಡುಮಾತಿನಲ್ಲಿ ಮೊಟ್ಟೆ ಎಂದರೆ ನಾವು ಬೀಜ ಅನ್ನುವುದು.

ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜೂಲಿಯಾನ್ ಇಂಪರಾಟೊ-ಮೆಕ್‌ಗಿನ್ಲಿ ತಂಡದೊಂದಿಗೆ ಅಲ್ಲಿಗೆ ಹೋದರು. 1974ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ವರದಿ ಬಂತು: 13 ಕುಟುಂಬಗಳು, 24 ಮಂದಿ. ಅವರೆಲ್ಲರ ಮೈಯಲ್ಲಿ ಟೆಸ್ಟೋಸ್ಟೆರಾನ್ ಬೇಕಾದಷ್ಟಿತ್ತು, ಹೆಪ್ಪಿನ ಕಿಣ್ವ ಇರಲಿಲ್ಲ. ತಾಯಿಯ ಹೊಟ್ಟೆಯಲ್ಲಿ ಗಂಡುಮಗುವಿನ ಹೊರ ಜನನಾಂಗ ರೂಪುಗೊಳ್ಳುವುದು ಡಿಎಚ್‌ಟಿಯಿಂದ. ಅದಿಲ್ಲದೆ ಹುಟ್ಟಿನಲ್ಲಿ ಗೊಂದಲವಾಗುತ್ತಿತ್ತು. ಪ್ರಾಯದಲ್ಲಿ ಟೆಸ್ಟೋಸ್ಟೆರಾನು ಹೊಳೆಯಂತೆ ಬಂದಾಗ ಬಾಕಿ ಕೆಲಸ ನಡೆಯುತ್ತಿತ್ತು.

ವೈದ್ಯರು ಬರೆದುಕೊಂಡ ಪಟ್ಟಿಯಲ್ಲಿ ಇನ್ನೂ ಕೆಲವು ಸಾಲುಗಳಿದ್ದವು. ದೊಡ್ಡವರಾದ ಮೇಲೆ ಈ ಗಂಡಸರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತದೆ. ಗಡ್ಡ ವಿರಳ, ಮೈಕೂದಲು ಕಡಿಮೆ. ಮುಂದಲೆಯ ಕೂದಲು ಹಿಂದೆ ಸರಿದಿಲ್ಲ. ಇಲ್ಲಿ ನನಗೆ ಹಿಪ್ಪಾಕ್ರಟೀಸ್ ನೆನಪಾಗುತ್ತಾನೆ. ಆದರೆ ಆ ಗ್ರೀಕ್ ಸೂತ್ರದ ಮನುಷ್ಯರಲ್ಲಿ ಇಡೀ ಹಾರ್ಮೋನೇ ಇರಲಿಲ್ಲ. ಸಲಿನಾಸ್‌ನವರಲ್ಲಿ ಇಲ್ಲದ್ದು ಅದರ ಒಂದು ರೂಪ ಮಾತ್ರ. ಗಂಡಸುತನಕ್ಕೆ ಕೈಹಾಕದೆ ಬೋಳನ್ನು ಮಾತ್ರ ತಡೆಯಬಹುದು ಎಂದು ತೋರಿಸಿದವರು ಅವರು.

ಈ ವರದಿಯ ಸಾರಾಂಶ ರಾಯ್ ವಾಗೆಲೋಸ್ ಎಂಬ ಜೀವರಸಾಯನ ಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಅವರು 1975ರಲ್ಲಿ ಮರ್ಕ್ ಔಷಧ ಕಂಪನಿಯ ಸಂಶೋಧನಾ ವಿಭಾಗ ಸೇರಿದ್ದರು. ಅವರಿಗೆ ಕಂಡದ್ದು ಕೂದಲಿಗಿಂತ ಮೊದಲು ಪ್ರಾಸ್ಟೇಟು. ವಯಸ್ಸಾದ ಗಂಡಸರಿಗೆ ಅದು ಊದಿಕೊಂಡು ಮೂತ್ರ ಕಟ್ಟುತ್ತದೆ, ರಾತ್ರಿ ನಾಲ್ಕಾರು ಸಲ ಏಳಿಸುತ್ತದೆ. ಕಿಣ್ವವನ್ನು ತಡೆದರೆ ಗ್ರಂಥಿ ಕುಗ್ಗಬೇಕು. ಕಂಪನಿಯ ರಸಾಯನಜ್ಞರು ಹಲವು ವರ್ಷ ಹುಡುಕಿ ಫಿನಾಸ್ಟೆರೈಡ್ ಎಂಬ ಅಣುವನ್ನು ಕಟ್ಟಿದರು. 1992ರಲ್ಲಿ 5 ಮಿಲಿಗ್ರಾಮಿನ ಮಾತ್ರೆ ಪ್ರೋಸ್ಕಾರ್ ಹೆಸರಿನಲ್ಲಿ ಪ್ರಾಸ್ಟೇಟಿಗೆ ಬಂತು. 1997ರ ಡಿಸೆಂಬರಿನಲ್ಲಿ ಅದೇ ಮದ್ದು 1 ಮಿಲಿಗ್ರಾಮಿಗೆ ಇಳಿದು ಪ್ರೊಪೇಷಿಯಾ ಎಂಬ ಹೆಸರಿನಲ್ಲಿ ಬೊಕ್ಕತಲೆಗೆ ಬಂತು.

ನಡುವೆ ಒಂದು ಕೋತಿಯ ಪಾತ್ರವೂ ಇದೆ. ನಮ್ಮ ಅಸ್ಸಾಮ್ ಕಡೆಯ ಕಾಡುಗಳಲ್ಲೂ ಇರುವ ಮೊಂಡುಬಾಲದ ಕೋತಿಗೆ ಪ್ರಾಯ ಬಂದ ಮೇಲೆ ಮನುಷ್ಯನ ಹಾಗೆಯೇ ಮುಂದಲೆ ಬೋಳಾಗುತ್ತದೆ, ಗಂಡಿಗೂ ಹೆಣ್ಣಿಗೂ. ಫಿನಾಸ್ಟೆರೈಡನ್ನು ಅದರ ಮೇಲೂ ಪರೀಕ್ಷಿಸಿದ್ದರು.

ಮಾತ್ರೆ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ? ಜಾಹೀರಾತಿನ ಫೋಟೊ ಬಿಟ್ಟು ಲೆಕ್ಕ ನೋಡೋಣ. 18ರಿಂದ 41 ವಯಸ್ಸಿನ 1,553 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ನೆತ್ತಿಯ ಮೇಲೆ ಒಂದು ಇಂಚು ಅಗಲದ ವೃತ್ತ ಗುರುತಿಸಿ ಕೂದಲು ಎಣಿಸಿದರು. ಆರಂಭದಲ್ಲಿ ಆ ವೃತ್ತದಲ್ಲಿ ಸರಾಸರಿ 876 ಕೂದಲು. ಒಂದು ವರ್ಷದ ನಂತರ, ಮಾತ್ರೆ ನುಂಗಿದವರಿಗೂ ಬರೀ ಹಿಟ್ಟಿನ ಗುಳಿಗೆ ನುಂಗಿದವರಿಗೂ 107 ಕೂದಲಿನ ವ್ಯತ್ಯಾಸ. ಎರಡು ವರ್ಷಕ್ಕೆ 138. ಈ ವ್ಯತ್ಯಾಸದಲ್ಲಿ ಒಂದು ಪಾಲು ಹೊಸದಾಗಿ ಬಂದದ್ದು, ಇನ್ನೊಂದು ಪಾಲು ಅವರಿಗೆ ಉದುರಿ ಇವರಿಗೆ ಉಳಿದದ್ದು. ನನ್ನ ತೀರ್ಪು ಕೇಳಿದರೆ ಇದು ಬೆಳೆಸುವ ಮದ್ದಲ್ಲ, ಕಾಯುವ ಮದ್ದು. ಇಪ್ಪತ್ತೈದರಲ್ಲಿ ಶುರು ಮಾಡಿದವನಿಗೆ ಕಾಯಲು ಏನಾದರೂ ಇರುತ್ತದೆ, ಐವತ್ತರಲ್ಲಿ ಫಳಫಳ ಹೊಳೆಯುವ ನೆತ್ತಿ ಹೊತ್ತು ಬಂದವನಿಗೆ ಇಲ್ಲ. ಬಿಟ್ಟರೆ ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಹೋಗುತ್ತದೆ.

ಮೈಕೂದಲು? ಫಿನಾಸ್ಟೆರೈಡ್ ನುಂಗುವ ಗಂಡಸರ ಎದೆ, ಗಡ್ಡಕ್ಕೆ ಹೇಳಿಕೊಳ್ಳುವ ಬದಲಾವಣೆ ಆಗುವುದಿಲ್ಲ. ಕಂಪನಿಯೇ ನೋಡಿ ಬರೆದುಕೊಂಡ ಮಾತು ಇದು. ಸಲಿನಾಸ್‌ನವರ ಗಡ್ಡ ವಿರಳವಾಗಿತ್ತಲ್ಲ ಎಂದು ನೀವು ಕೇಳಬಹುದು. ಅವರಿಗೆ ಕಿಣ್ವ ಮೊದಲಿನಿಂದಲೂ ಇರಲಿಲ್ಲ, ಗಡ್ಡ ಸರಿಯಾಗಿ ಬೇರು ಬಿಡಲೇ ಇಲ್ಲ. ಮೂವತ್ತರ ಗಂಡಸಿನ ಗಡ್ಡ ಆಗಲೇ ಬೇರು ಬಿಟ್ಟು ಹದಿನೈದು ವರ್ಷವಾಗಿರುತ್ತದೆ. ಒಮ್ಮೆ ದಪ್ಪವಾದ ಬುಡ ಹಾರ್ಮೋನು ಕಡಿಮೆಯಾದ ಮಾತ್ರಕ್ಕೆ ಪೂರ್ತಿ ಹಿಂದೆ ಹೋಗುವುದಿಲ್ಲ. ಅರಿಸ್ಟಾಟಲ್ ಹೇಳಿದ ‘ಸ್ವಲ್ಪ ಉಳಿಯುತ್ತದೆ’ ಎಂಬುದು ಇದೇ.

ಈ ಮೊಂಡುತನದ ನಿಜವಾದ ಹೊರೆ ಹೊತ್ತವರು ಹೆಣ್ಣುಮಕ್ಕಳು. 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ತೆಗೆದಾಗ ಬೊಕ್ಕತಲೆಯ ಗಂಡಸಿನ ಸಂಕಟಕ್ಕೆ ಊರೆಲ್ಲ ನಕ್ಕಿತು, ಮರುಗಿತು. ಗಲ್ಲದಲ್ಲಿ ಕೂದಲು ಬರುವ ಹುಡುಗಿಯ ಸಂಕಟಕ್ಕೆ ಅಂಥ ಸಿನಿಮಾ ಇಲ್ಲ. ಅದು ಪಾರ್ಲರಿನ ಪರದೆಯ ಹಿಂದೆ, ದಾರದ ತುದಿಯಲ್ಲಿ ನಡೆಯುವ ಕಥೆ. ಮನೆಯಲ್ಲಿ ಅರಿಶಿನ, ಕಡಲೆಹಿಟ್ಟು. ಜೊತೆಗೆ ‘ಬ್ಲೇಡು ಹಾಕಬೇಡ, ದಪ್ಪ ಬರುತ್ತೆ’ ಎಂಬ ಎಚ್ಚರಿಕೆ. (ಬರುವುದಿಲ್ಲ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಅಂಗರಚನಾಶಾಸ್ತ್ರಜ್ಞೆ ಅಳೆದು ನೋಡಿ ಹೇಳಿದ್ದಾರೆ.) ಬಹುಪಾಲು ಪ್ರಸಂಗಗಳಲ್ಲಿ ಮೂಲ ಕಾರಣ ನಮ್ಮ ಮನೆಗಳಲ್ಲಿ ಈಗ ಪಿಸಿಒಡಿ ಎಂದೇ ಬಳಕೆಯಲ್ಲಿರುವ ತೊಂದರೆ. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಹೆಂಗಸರ ಕಥೆ ಬರೆದಾಗ ಅದಕ್ಕೆ ಗುರುತು ಸಿಕ್ಕಿತು. ಅಂಡಾಶಯದಿಂದ ಗಂಡು ಹಾರ್ಮೋನು ಹೆಚ್ಚಾಗಿ ಬರುತ್ತದೆ. ಗಲ್ಲದಲ್ಲಿ ಕೂದಲು ಹುಟ್ಟುತ್ತದೆ. ಕೆಲವರಿಗೆ ಅದೇ ಹೊತ್ತಿನಲ್ಲಿ ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಸೆಲೂನಿನ ಕುರ್ಚಿಯ ಒಗಟು ಇಲ್ಲಿ ಹೆಣ್ಣಿನ ಮುಖದಲ್ಲಿ.

ಇವರಿಗೆ ಬಂದ ಮದ್ದೂ ಬೇರೆ ಯಾವುದೋ ಕಾಯಿಲೆಗೆ ಹುಟ್ಟಿದ್ದು. ಸ್ಪೈರೊನೊಲ್ಯಾಕ್ಟೋನ್ 1950ರ ದಶಕದ ಕೊನೆಯಲ್ಲಿ ಸರ್ಲ್ ಕಂಪನಿಯಿಂದ ಬಂದ ಮೂತ್ರವರ್ಧಕ. ಬಿಪಿಗೆ, ಹೃದ್ರೋಗಿಗಳ ಕಾಲೂತಕ್ಕೆ ಇವತ್ತಿಗೂ ಕೊಡುತ್ತಾರೆ. ನುಂಗಿದ ಕೆಲವು ಗಂಡಸರಿಗೆ ಎದೆ ಹೆಂಗಸರಂತೆ ಊದಿಕೊಂಡಿತು. ಈ ಅಡ್ಡಪರಿಣಾಮವೇ ಸುಳಿವು: ಮದ್ದು ಗಂಡು ಹಾರ್ಮೋನಿನ ಗ್ರಾಹಕವನ್ನೂ ಮುಚ್ಚುತ್ತಿದೆ, ಬೀಗದ ಕಿಂಡಿಗೆ ಕಡ್ಡಿ ತುರುಕಿದಂತೆ. 1978ರಲ್ಲಿ ಇಬ್ಬರು ಅಮೆರಿಕನ್ ವೈದ್ಯರು, ಬಿಪಿಗೆಂದು ಇದನ್ನು ಪಡೆದ ಯುವತಿಯೊಬ್ಬಳ ಮುಖದ ಕೂದಲು ಕಡಿಮೆಯಾದದ್ದನ್ನು ವರದಿ ಮಾಡಿದರು. ಅಲ್ಲಿಂದ ಮುಂದೆ ಅದು ಚರ್ಮವೈದ್ಯರ ಚೀಟಿಗೂ ಬಂತು.

ಬರ್ಲಿನ್ನಿನ ಶೆರಿಂಗ್ ಕಂಪನಿಯಲ್ಲಿ 1961ರಲ್ಲಿ ತಯಾರಾದ ಸೈಪ್ರೊಟೆರೋನ್ ಅಸಿಟೇಟ್ ಇದೇ ಜಾತಿಯದು. ಈಸ್ಟ್ರೋಜನ್ ಜೊತೆ ಸೇರಿಸಿದ ಅದರ ಗುಳಿಗೆ ಡಯಾನ್-35 ಎಂಬ ಹೆಸರಿನಲ್ಲಿ ನಮ್ಮ ಮೆಡಿಕಲ್ ಶಾಪುಗಳಿಗೂ ಪರಿಚಿತ. ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಮೆದುಳಿನ ಪೊರೆಯಲ್ಲಿ ಗೆಡ್ಡೆ ಬರುವ ಅಪಾಯವಿದೆ ಎಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಇದರ ಬಳಕೆಗೆ ಕಡಿವಾಣ ಹಾಕಿತು. ಇದೇ ಸಾಲಿನ ಫ್ಲುಟಮೈಡ್ ಎಂಬುದು ಯಕೃತ್ತನ್ನೇ ಕೆಡಿಸುವಷ್ಟು ಅಪಾಯಕಾರಿ, ಅದನ್ನು ಕೂದಲಿಗಾಗಿ ನುಂಗುವುದು ಸಲ್ಲ. ಫಿನಾಸ್ಟೆರೈಡನ್ನು ಕೂದಲುದುರುವಿಕೆಗೆಂದು ಮುಟ್ಟು ನಿಂತ 137 ಹೆಂಗಸರಲ್ಲಿ ಒಂದು ವರ್ಷ ಪರೀಕ್ಷಿಸಿ ನೋಡಿದರು, ಏನೂ ಪ್ರಯೋಜನವಾಗಲಿಲ್ಲ.

ಮೈಕೂದಲಿನ ಮೇಲೆ ಗ್ರಾಹಕ ಮುಚ್ಚುವ ಈ ಮದ್ದುಗಳು ಕೆಲಸ ಮಾಡುವುದು ಬಹಳ ನಿಧಾನ. ಆಗಲೇ ಇರುವ ಕೂದಲು ತನ್ನ ಸುತ್ತು ಮುಗಿಸಿ ಉದುರಬೇಕು, ಮುಂದಿನದು ಸ್ವಲ್ಪ ತೆಳ್ಳಗೆ ಬರಬೇಕು. ಆರು ತಿಂಗಳಿಗಿಂತ ಮುಂಚೆ ಫಲ ನೋಡಬಾರದು. ಎರಡು ತಿಂಗಳಿಗೆ ‘ಏನೂ ಆಗಲಿಲ್ಲ ಡಾಕ್ಟ್ರೇ’ ಎಂದು ಬಿಟ್ಟುಬಿಡುವವರು ಬಹಳ. ತೊಡೆ, ತೋಳು, ಹೊಟ್ಟೆಯ ಕೂದಲು ತೆಳುವಾದಷ್ಟು ಸುಲಭವಾಗಿ ಗಲ್ಲದ್ದು ಬಗ್ಗುವುದಿಲ್ಲ.

ಲಿಂಗತ್ವ ಬದಲಾವಣೆಯ ಹಾದಿಯಲ್ಲಿರುವ ಟ್ರಾನ್ಸ್ ಮಹಿಳೆಯರಿಗೆ ಇದು ಚೆನ್ನಾಗಿ ಗೊತ್ತು. ಈಸ್ಟ್ರೋಜನ್ನಿನ ಜೊತೆ ಗಂಡು ಹಾರ್ಮೋನ್ ತಡೆಯುವ ಮದ್ದು ಸೇರಿದಾಗ ನೆತ್ತಿ ಬೋಳಾಗುವುದು ನಿಲ್ಲುತ್ತದೆ, ಇಲ್ಲವೇ ತಗ್ಗುತ್ತದೆ. ಮೈಕೂದಲು ಆರರಿಂದ ಹನ್ನೆರಡು ತಿಂಗಳಲ್ಲಿ ತೆಳುವಾಗತೊಡಗಿ, ಪೂರ್ತಿ ಪರಿಣಾಮ ಕಾಣಲು ಮೂರು ವರ್ಷವೂ ಬೇಕಾಗುತ್ತದೆ. ಗಡ್ಡ ಮಾತ್ರ ಹೋಗುವುದಿಲ್ಲ. ಅದಕ್ಕೆ ಲೇಸರ್ ಅಥವಾ ವಿದ್ಯುತ್ ಸೂಜಿಯೇ ಬೇಕು. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನನ್ನು ಪೂರ್ತಿ ಇಳಿಸುವ ಇಂಜೆಕ್ಷನ್ ಪಡೆಯುವ ಹಿರಿಯರ ಎದೆ, ಕಾಲಿನ ಕೂದಲೂ ಹೀಗೆಯೇ ತೆಳುವಾಗುತ್ತದೆ. ಆದರೂ ಅವರು ಗಡ್ಡ ಹೆರೆಯುವುದನ್ನು ಪೂರ್ತಿ ಬಿಡುವಂತಿಲ್ಲ.

ಮತ್ತೆ ಫಿನಾಸ್ಟೆರೈಡಿಗೆ ಬರೋಣ, ಯಾಕೆಂದರೆ ಇವತ್ತು ಫೋನಿನಲ್ಲಿ ಜಾಹೀರಾತು ನೋಡಿ ತರಿಸಿಕೊಳ್ಳುವವರು ಅದನ್ನೇ. ಒಂದು ಕಾಲಕ್ಕೆ ಕ್ರೀಡಾಪಟುಗಳಿಗೂ ಇದು ತಲೆನೋವಾಗಿತ್ತು: ಉದ್ದೀಪನ ಮದ್ದಿನ ಗುರುತನ್ನು ಮರೆಮಾಚುತ್ತದೆಂದು 2005ರಲ್ಲಿ ನಿಷೇಧಿಸಿದರು, 1994ರ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದ ರೊಮಾರಿಯೊ 2007ರಲ್ಲಿ ಇದರಿಂದಲೇ ಸಿಕ್ಕಿಬಿದ್ದರು, 2009ರಲ್ಲಿ ನಿಷೇಧ ತೆಗೆದರು. ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ ಮೂಲ ಪರೀಕ್ಷೆಗಳಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಕಂಡಿತ್ತು. ಮಾತ್ರೆ ಬಿಟ್ಟ ಮೇಲೂ ಇವು ಉಳಿದವು ಎಂಬ ದೂರುಗಳು ಬಂದು 2012ರಲ್ಲಿ ಅಮೆರಿಕದ ಎಫ್‌ಡಿಎ ಆ ಎಚ್ಚರಿಕೆಯನ್ನು ಚೀಟಿಯಲ್ಲಿ ಸೇರಿಸಿತು. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆ, ಆತ್ಮಹತ್ಯೆಯ ಯೋಚನೆಯೂ ಈ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ಒಂದು ಎಂದು ದೃಢಪಡಿಸಿತು. ಮನಸ್ಸು ಮಂಕಾದರೆ ಮಾತ್ರೆ ನಿಲ್ಲಿಸಿ ಡಾಕ್ಟರನ್ನು ಕಾಣಿ. ಕೂದಲಿನ ಲೆಕ್ಕ ಆಮೇಲೆ. ನಲವತ್ತು ದಾಟಿದವರು ಪ್ರಾಸ್ಟೇಟಿನ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವಾಗ ಈ ಮಾತ್ರೆಯ ಸಂಗತಿ ಹೇಳಲೇಬೇಕು. ಅದು ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕಿಳಿಸಿ ತೋರಿಸುತ್ತದೆ.

ಕೊನೆಯದಾಗಿ, ದುಡ್ಡು ಉಳಿಸಲು ಪ್ರಾಸ್ಟೇಟಿನ 5 ಮಿಲಿಗ್ರಾಮ್ ಮಾತ್ರೆ ತಂದು ಬ್ಲೇಡಿನಿಂದ ನಾಲ್ಕು ಚೂರು ಮಾಡಿಕೊಳ್ಳುವವರಿಗೆ ಒಂದು ಮಾತು. ಮನೆಯಲ್ಲಿ ಬಸುರಿ ಇದ್ದರೆ ಆ ಚೂರು, ಆ ಪುಡಿ ಅವರ ಕೈಗೆ ಸಿಗಬಾರದು. ಚರ್ಮದಿಂದ ಒಳಗೆ ಹೋಗಬಲ್ಲ ಮದ್ದು ಅದು. ಹೊಟ್ಟೆಯಲ್ಲಿರುವುದು ಗಂಡುಮಗುವಾಗಿದ್ದರೆ ಸಲಿನಾಸ್‌ನ ಮಕ್ಕಳಿಗೆ ಆದದ್ದೇ ಅದಕ್ಕೂ ಆಗಬಹುದು. ರಕ್ತ ಬಸುರಿಯೊಬ್ಬರಿಗೆ ಸೇರೀತೆಂಬ ಇದೇ ಕಾರಣಕ್ಕೆ ಅಮೆರಿಕದ ರೆಡ್ ಕ್ರಾಸ್, ಕೊನೆಯ ಮಾತ್ರೆ ನುಂಗಿ ಒಂದು ತಿಂಗಳು ಕಳೆಯುವವರೆಗೆ ಈ ಮದ್ದು ನುಂಗುವವರಿಂದ ರಕ್ತ ತೆಗೆದುಕೊಳ್ಳುವುದಿಲ್ಲ. ನಿಮ್ಮೂರಿನ ರಕ್ತದಾನ ಶಿಬಿರದಲ್ಲಿ ಯಾರೂ ಕೇಳದಿದ್ದರೂ ನೀವಾಗಿಯೇ ಹೇಳಿ.